ಮಾವನವರ ಜೊತೆ ಹಡಗಿನಲ್ಲಿ ಮೂರು ರಾತ್ರಿ

"ಹಡಗಿನಲ್ಲಿ ಪ್ರವಾಸವೇ? ಅದೆಲ್ಲ ದುಡ್ಡಿದ್ದವರಿಗೆ, ಸಿನಿಮಾದವರಿಗೆ. ನಮ್ಮಂಥವರಿಗೆ ಶೃಂಗೇರಿ, ಧರ್ಮಸ್ಥಳ ಸಾಕು ಮಾರಾಯ್ತಿ!"

ಕಾಲೇಜಿಗೆ ಹೋಗುವ ನನ್ನ ಮಗಳು ಕ್ರೂಸ್ ಮಾತು ಎತ್ತಿದ ದಿನ, ಒಗ್ಗರಣೆ ಸೌಟು ಕೈಯಲ್ಲಿ ಹಿಡಿದುಕೊಂಡೇ ನಾನು ಹೀಗೆ ಹೇಳಿದ್ದೆ. ಅವಳು ಬಿಡಲಿಲ್ಲ. ಮುಂಬಯಿಯಿಂದ ಹೊರಟು ಗೋವೆಗೆ ಹೋಗಿ ಮತ್ತೆ ಮುಂಬಯಿಗೇ ಬಂದು ಬಿಡುವ ಹಡಗು, ಮೂರು ರಾತ್ರಿ, ಊಟ, ತಿಂಡಿ, ಹಾಸಿಗೆ ಎಲ್ಲ ಅಲ್ಲೇ. "ಅಮ್ಮ, ನೀನು ಮೂರು ದಿನ ಅಡುಗೆಮನೆಗೆ ಕಾಲಿಡುವುದು ಬೇಡ" ಎಂದಳು. ಆ ಮಾತು ಮಾತ್ರ ಮನಸ್ಸಿಗೆ ನಾಟಿತು. ಮದುವೆಯಾಗಿ 22 ವರ್ಷಗಳಲ್ಲಿ, ಹೆರಿಗೆಯ ಬಾಣಂತನ ಬಿಟ್ಟರೆ, ಮೂರು ದಿನ ಒಟ್ಟಿಗೆ ಒಲೆ ಹಚ್ಚದೆ ಕೂತ ನೆನಪು ನನಗಿಲ್ಲ. ತೀರ್ಥಯಾತ್ರೆಗೆ ಹೋದರೂ ಸ್ಟವ್ವು, ಅವಲಕ್ಕಿ, ಚಟ್ನಿಪುಡಿ ನನ್ನ ಹಿಂದೆಯೇ ಬರುತ್ತಿದ್ದವು.

ಆದರೂ "ಮಾವನವರನ್ನು ಬಿಟ್ಟು ಹೇಗೆ ಹೋಗುವುದು?" ಎಂದು ಮಾತು ಮುಗಿಸಲು ನೋಡಿದೆ. ಅಷ್ಟರಲ್ಲಿ ಜಗಲಿಯಿಂದ ದನಿ ಬಂತು: "ನಾನೂ ಬತ್ತೆ."

ಮನೆಯಲ್ಲಿ ಎಲ್ಲರೂ ಸುಮ್ಮನಾದೆವು. ನಮ್ಮ ಮಾವನವರಿಗೆ 82 ವರ್ಷ. ಕುಂದಾಪುರದ ಕಡೆಯವರು, ಸಾಗರಕ್ಕೆ ಬಂದು ಸಣ್ಣ ಹೋಟೆಲು ಇಟ್ಟು ಮೂವತ್ತು ವರ್ಷ ನಡೆಸಿದವರು. ಅತ್ತೆ ತೀರಿಕೊಂಡ ಮೇಲೆ ಎರಡು ವರ್ಷದಿಂದ ಅವರ ಮಾತೇ ಕಡಿಮೆಯಾಗಿತ್ತು. ಊಟಕ್ಕೆ ಕರೆದರೆ ಬರುವರು, ಉಂಡು ಏಳುವರು, ಮತ್ತೆ ಜಗಲಿಯ ಕುರ್ಚಿ. ಅಂಥವರು ತಾವಾಗಿ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಇವರು ಒಪ್ಪಲಿಲ್ಲ. "ಈ ವಯಸ್ಸಿನವರನ್ನು ನಡುನೀರಿಗೆ ಕರೆದುಕೊಂಡು ಹೋಗಿ, ಏನಾದರೂ ಹೆಚ್ಚುಕಡಿಮೆಯಾದರೆ?" ಎಂದರು. ಮಾತು ಸುಳ್ಳಲ್ಲ. ನಾಲ್ಕು ದಿನ ಮನೆಯಲ್ಲಿ ಅದೇ ಚರ್ಚೆ. ಕೊನೆಗೆ ನಾನೇ ಮಾವನವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಿ.ಪಿ., ಸಕ್ಕರೆ, ಎದೆ ಎಲ್ಲ ನೋಡಿ, "ಮೆಟ್ಟಿಲು ಹತ್ತಿಸಬೇಡಿ, ಮಾತ್ರೆ ತಪ್ಪಿಸಬೇಡಿ, ಹೋಗಿ ಬನ್ನಿ" ಎಂದು ಒಂದು ಚೀಟಿ ಬರೆದುಕೊಟ್ಟರು. ಬಳೆಗೆಂದು ಕಟ್ಟುತ್ತಿದ್ದ ನನ್ನ ಚೀಟಿ ಹಣವೂ ಅದೇ ತಿಂಗಳು ಕೈಗೆ ಬಂದಿತ್ತು. ಬಳೆ ಇನ್ನೊಂದು ವರ್ಷವೂ ಆಗಬಹುದು, ಮಾವನವರಿಗೆ ಇನ್ನೊಂದು ವರ್ಷ ಎಂಬ ಮಾತಿಲ್ಲವಲ್ಲ! ಹೀಗೆ 2025ರ ಜನವರಿ ಕೊನೆಯ ವಾರ ನಾವು ಐದು ಜನ ಹೊರಟೆವು: ಮಾವ, ಇವರು, ನಾನು, ಮಗಳು, ಎಂಟನೇ ತರಗತಿಯ ಮಗ.

ಟಿಕೆಟ್ಟಿಗೆ ಮೊದಲು

ಗೆಳತಿಯರೇ, ಮೊದಲ ಪಾಠ ದುಡ್ಡಿನದೇ. ಸೀರೆ ಅಂಗಡಿಯ ಹೊರಗೆ ದಪ್ಪ ಅಕ್ಷರದಲ್ಲಿ ಬರೆದ ಬೆಲೆಗೂ, ಒಳಗೆ ಹೋಗಿ ಸೆರಗು ಬಿಡಿಸಿ ನೋಡಿದ ಸೀರೆಯ ಬೆಲೆಗೂ ಎಷ್ಟು ವ್ಯತ್ಯಾಸವೋ, ಹಡಗಿನ ಟಿಕೆಟ್ಟಿನಲ್ಲೂ ಅಷ್ಟೇ. ಜಾಹೀರಾತಿನಲ್ಲಿ ಕಾಣುವುದು ಒಬ್ಬರ ಕೋಣೆ ಬಾಡಿಗೆ ಮಾತ್ರ. ಅದರ ಮೇಲೆ ಬಂದರಿನ ಶುಲ್ಕ, ಜಿ.ಎಸ್.ಟಿ., ಕೆಲಸದವರ ಟಿಪ್ಸು ಸೇರುತ್ತದೆ. ನಾವು ಮೊದಲು ಹಾಕಿಕೊಂಡ ಲೆಕ್ಕ ಒಂದು, ಕೊನೆಗೆ ಕೊಟ್ಟದ್ದು ಒಂದು. ರೈಲು, ಗೋವೆಯ ಖರ್ಚು ಎಲ್ಲ ಸೇರಿ ಐದು ಜನರಿಗೆ ಲಕ್ಷ ದಾಟಿತು. ಆದ್ದರಿಂದ "ಎಲ್ಲ ಸೇರಿ ಕೊನೆಯ ಮೊತ್ತ ಎಷ್ಟು?" ಎಂದು ಕೇಳಿ, ಬರೆಸಿಕೊಂಡೇ ಹಣ ಕಟ್ಟಿ.

ಟಿಕೆಟ್ಟಿನಲ್ಲಿ ಸೇರಿರುವುದು: ಕೋಣೆ, ದೊಡ್ಡ ಊಟದ ಮನೆಯಲ್ಲಿ ಊಟ ತಿಂಡಿ, ಈಜುಕೊಳ, ರಾತ್ರಿಯ ಆಟ ಪಾಟ ಪ್ರದರ್ಶನ. ಸೇರದಿರುವುದು: ಬಾಟಲಿ ಪಾನೀಯಗಳು, ವಿಶೇಷ ಹೋಟೆಲುಗಳು, ಗೋವೆಯಲ್ಲಿ ಸುತ್ತಾಡಿಸುವ ಬಸ್ಸು, ಇಂಟರ್‌ನೆಟ್, ಮಾಲೀಸು. ಜೂಜಿನ ಕೋಣೆಯೂ ಒಂದಿದೆ. ಅದರ ಬಾಗಿಲ ಮುಂದೆ ಹೋಗುವಾಗ ಮನೆಯವರ ಕೈ ಹಿಡಿದುಕೊಂಡೇ ಹೋಗುವುದು ಒಳ್ಳೆಯದು!

ಕೋಣೆಗೆ ಅಲ್ಲಿ ಕ್ಯಾಬಿನ್ ಎನ್ನುತ್ತಾರೆ. ಕಿಟಕಿಯಿಲ್ಲದ್ದು ಅಗ್ಗ, ಕಿಟಕಿ ಇರುವುದು ಸ್ವಲ್ಪ ಹೆಚ್ಚು, ಬಾಲ್ಕನಿ ಇದ್ದರೆ ಇನ್ನೂ ಹೆಚ್ಚು. ನಾವು ಕಿಟಕಿಯಿರುವ ಎರಡು ಕ್ಯಾಬಿನ್ ತೆಗೆದುಕೊಂಡೆವು. ಒಂದರಲ್ಲಿ ಗಂಡಸರು, ಒಂದರಲ್ಲಿ ನಾನು, ಮಗಳು. ಘಾಟಿಯಲ್ಲಿ ಹೋಗುವಾಗ ಬಸ್ಸಿನ ಹಿಂದಿನ ಸೀಟಿನವರಿಗೆ ಕುಲುಕಾಟ ಹೆಚ್ಚಲ್ಲವೇ? ಹಡಗಿನಲ್ಲೂ ಹಾಗೆಯೇ. ಮುಂತುದಿ, ಹಿಂತುದಿ, ಮೇಲಿನ ಅಂತಸ್ತುಗಳಲ್ಲಿ ಓಲಾಟ ಹೆಚ್ಚು. ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕಡಿಮೆ. ವಯಸ್ಸಾದವರಿದ್ದರೆ ನಡುವಿನ ಕ್ಯಾಬಿನ್ನನ್ನೇ, ಲಿಫ್ಟಿಗೆ ಹತ್ತಿರವಾಗಿ ಕೇಳಿಕೊಳ್ಳಿ.

ಮುಂಬಯಿ-ಗೋವೆ ನಮ್ಮ ದೇಶದೊಳಗೇ ಆದ್ದರಿಂದ ಪಾಸ್‌ಪೋರ್ಟ್ ಬೇಕಿಲ್ಲ, ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ಸಾಕು. ಬೇರೆ ದೇಶಕ್ಕೆ ಹೋಗುವ ಹಡಗಾದರೆ ಪಾಸ್‌ಪೋರ್ಟ್ ಬೇಕೇ ಬೇಕು. ಟಿಕೆಟ್ಟಿನಲ್ಲಿರುವ ಹೆಸರೂ ಕಾರ್ಡಿನ ಹೆಸರೂ ಅಕ್ಷರಶಃ ಒಂದೇ ಇರಲಿ. ತುಂಬು ಗರ್ಭಿಣಿಯರನ್ನು, ತೀರ ಎಳೆಯ ಕೂಸುಗಳನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ, ಮೊದಲೇ ವಿಚಾರಿಸಿ.

ಚಕ್ಕುಲಿ ಹೋಯಿತು, ಶುಂಠಿ ಉಳಿಯಿತು

ಘಟ್ಟ ಇಳಿದು ಕುಂದಾಪುರಕ್ಕೆ ಬಂದು ಮಧ್ಯಾಹ್ನದ ಮತ್ಸ್ಯಗಂಧಾ ರೈಲು ಹತ್ತಿದರೆ ಮಾರನೆಯ ಬೆಳಿಗ್ಗೆ ಮುಂಬಯಿ. ಹಡಗಿನ ದಿನವೇ ಮುಂಬಯಿ ತಲುಪುವಂತೆ ಲೆಕ್ಕ ಹಾಕಬೇಡಿ. ರೈಲು ತಡವಾದರೆ ಹಡಗು ನಮಗಾಗಿ ಕಾಯುವುದಿಲ್ಲ. ನಾವು ಒಂದು ದಿನ ಮುಂಚೆ ಹೋಗಿ ಡೊಂಬಿವಿಲಿಯಲ್ಲಿ ನೆಂಟರ ಮನೆಯಲ್ಲಿ ಉಳಿದೆವು.

ಬಂದರಿನಲ್ಲಿ ವಿಮಾನ ನಿಲ್ದಾಣದ ಹಾಗೆಯೇ ತಪಾಸಣೆ. ನನ್ನ ದೊಡ್ಡ ಚೀಲ ಯಂತ್ರದೊಳಗೆ ಹೋದದ್ದೇ ತಡ, ಆಚೆಯಿಂದ ಕರೆ ಬಂತು. ಒಂದೊಂದೇ ಹೊರಗೆ ಬಂದವು: ಎರಡು ಡಬ್ಬಿ ಚಕ್ಕುಲಿ, ಒಂದು ಡಬ್ಬಿ ಕೋಡುಬಳೆ, ಮಿಡಿ ಉಪ್ಪಿನಕಾಯಿಯ ಬಾಟಲಿ, ಹಣ್ಣು ಹೆಚ್ಚುವ ಚಾಕು, ನೀರು ಕಾಯಿಸುವ ಕರೆಂಟಿನ ಕೆಟಲು. ಹೊರಗಿನ ತಿಂಡಿ ಬಿಡುವುದಿಲ್ಲ ಎಂದರು. ಕೆಟಲು, ಇಸ್ತ್ರಿಪೆಟ್ಟಿಗೆ ಬೆಂಕಿಯ ಭಯದಿಂದ ಹಡಗಿನಲ್ಲಿ ನಿಷಿದ್ಧವಂತೆ. ಕೆಟಲು, ಚಾಕುಗಳಿಗೆ ಚೀಟಿ ಕೊಟ್ಟು ವಾಪಸು ಬರುವ ದಿನ ಕೊಟ್ಟರು. ಚಕ್ಕುಲಿ ಮಾತ್ರ ಅಲ್ಲಿಗೇ ಸಮರ್ಪಣೆ! ಒಂದು ಇಡೀ ಮಧ್ಯಾಹ್ನ ಎಣ್ಣೆ ಮುಂದೆ ಕೂತು ಸುಟ್ಟದ್ದು. ಇವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಮಾವನವರು ನಕ್ಕರು. ಅವರು ಹಾಗೆ ನಕ್ಕದ್ದು ನೋಡಿ ಎಷ್ಟು ಕಾಲವಾಗಿತ್ತೋ, ಚಕ್ಕುಲಿ ಹೋದ ದುಃಖ ಅರ್ಧ ಕಡಿಮೆಯಾಯಿತು.

ಅವರ ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಪೊಟ್ಟಣ ಇರುತ್ತದೆ: ಒಣಗಿಸಿದ ಶುಂಠಿ. ತಪಾಸಣೆಯ ಹುಡುಗಿ ಅದನ್ನೂ ಬಿಡಿಸಿ ನೋಡಿದಳು. ಮೂಸಿ ನೋಡಿ, "ದವಾಯಿ?" ಎಂದು ಕೇಳಿ ಹಾಗೇ ಹಿಂದಕ್ಕೆ ಕೊಟ್ಟಳು.

ಒಂದು ಬೇಸರವನ್ನೂ ಹೇಳಬೇಕು. ಒಳಗೆ ಹೋಗಲು ಸಾಲಿನಲ್ಲಿ ಎರಡು ಗಂಟೆ ನಿಂತೆವು. ವಯಸ್ಸಾದವರಿಗೆಂದು ಕುರ್ಚಿ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಮಗಳು ಓಡಾಡಿ ಗಾಲಿಕುರ್ಚಿ ತಂದಳು. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬರೆಸಿದ್ದರೆ ಈ ಪಾಡು ಇರುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಏಳು ಸಣ್ಣ ಕೂಗು, ಒಂದು ಉದ್ದ ಕೂಗು

ಹತ್ತಿದ ಕೂಡಲೇ ಎಲ್ಲರಿಗೂ ಒಂದು ಪಾಠ. ಅಪಾಯ ಬಂದರೆ ಹಡಗು ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಕೂಗುತ್ತದೆ. ಆಗ ಯಾರು ಯಾವ ಜಾಗಕ್ಕೆ ಬರಬೇಕು, ಲೈಫ್ ಜಾಕೆಟ್ ಹೇಗೆ ತೊಡಬೇಕು, ಎಲ್ಲ ತೋರಿಸುತ್ತಾರೆ. ಬಹಳ ಜನ ಫೋಟೋ ತೆಗೆದುಕೊಳ್ಳುತ್ತ ನಗುತ್ತ ನಿಂತಿದ್ದರು. ಆದರೆ ಇದು ತಮಾಷೆಯಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ದೇಶಗಳೆಲ್ಲ ಕೂಡಿ ಹಡಗಿನ ಜನರ ಜೀವರಕ್ಷಣೆಗೆ ನಿಯಮ ಮಾಡಿದವು. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರದ ಹಡಗು ಬಂಡೆಗೆ ಬಡಿದು ವಾಲಿ, 32 ಜನ ಸತ್ತರು. ಅಂದು ಸಂಜೆ ಹೊಸದಾಗಿ ಹತ್ತಿದ್ದವರಿಗೆ ಈ ಪಾಠ ಇನ್ನೂ ಆಗಿರಲೇ ಇಲ್ಲ. ಆಮೇಲೆ ನಿಯಮ ಬಿಗಿಯಾಗಿ, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಪಾಠ ಆಗಲೇಬೇಕೆಂದಾಯಿತು. ಮಕ್ಕಳನ್ನು ಸುಮ್ಮನೆ ನಿಲ್ಲಿಸಿ ಕೇಳಿಸಿ. ನಿಮ್ಮ ಜಾಗ ಎಲ್ಲಿ ಎಂದು ಮನೆಯ ಒಬ್ಬೊಬ್ಬರ ಬಾಯಿಂದಲೂ ಹೇಳಿಸಿ.

ಸಂಜೆ ಹಡಗು ಹೊರಟದ್ದು ನಮಗೆ ಗೊತ್ತೇ ಆಗಲಿಲ್ಲ. ಬಸ್ಸಿನಂತೆ ಕುಲುಕಿಲ್ಲ, ರೈಲಿನಂತೆ ಜಗ್ಗಿಲ್ಲ. ದಡವೇ ಮೆಲ್ಲಗೆ ಹಿಂದೆ ಹೋಯಿತು. ಬಲಗಡೆ ಕೊಲಾಬಾದ ತುದಿ, ಅದರಾಚೆ ನೀರಿನ ನಡುವೆ ಪ್ರಾಂಗ್ಸ್ ದೀಪಸ್ತಂಭ, ಅದರ ಹಿಂದೆ ಕೆಂಪು ಸೂರ್ಯ. ಒಂದು ಗುಟ್ಟು ಹೇಳುತ್ತೇನೆ: ಮುಂಬಯಿಯಿಂದ ಗೋವೆಗೆ ಹೋಗುವಾಗ ಸೂರ್ಯಾಸ್ತ ಬೇಕೆಂದರೆ ಬಲಗಡೆ ನಿಲ್ಲಿ, ಕರಾವಳಿಯ ದೀಪ ಬೇಕೆಂದರೆ ಎಡಗಡೆ. ಬರುವಾಗ ಇದೇ ತಿರುವುಮುರುವು. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ ಇರುತ್ತದೆ. ಎದುರಿನ ಹಡಗಿನವರಿಗೆ ನಮ್ಮ ದಿಕ್ಕು ತಿಳಿಯಲಿ ಎಂದು.

ಹಡಗಿನ ವೇಗವನ್ನು 'ನಾಟ್' ಲೆಕ್ಕದಲ್ಲಿ ಹೇಳುತ್ತಾರೆ. ನಾಟ್ ಎಂದರೆ ಗಂಟು. ಹಿಂದೆ ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಎಷ್ಟು ಗಂಟು ಜಾರಿತೆಂದು ಎಣಿಸುತ್ತಿದ್ದರಂತೆ. 15 ನಾಟ್ ಎಂದರೆ ಗಂಟೆಗೆ ಸುಮಾರು 28 ಕಿಲೋಮೀಟರು. ಇದೆಲ್ಲ ನನ್ನ ಮಗ ತಿಳಿದುಕೊಂಡು ಬಂದು ನಮಗೆ ಪಾಠ ಹೇಳಿದ್ದು. ಶಾಲೆ ತಪ್ಪಿದ್ದಕ್ಕೆ ನಷ್ಟವೇನೂ ಆಗಲಿಲ್ಲ.

ಮಾಡದೆ ಉಂಡ ಊಟ

ಊಟದ ಮನೆಯೆಂದರೆ ನಮ್ಮೂರ ಕಲ್ಯಾಣಮಂಟಪಕ್ಕಿಂತ ದೊಡ್ಡದು. ಸಸ್ಯಾಹಾರ ಬೇರೆ, ಜೈನರ ಅಡುಗೆ ಬೇರೆ, ಮಾಂಸಾಹಾರ ಬೇರೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಜೈನರ ಅಡುಗೆ ಕೇಳಿದರೆ ಯೋಚನೆಯಿಲ್ಲ. ಆದರೆ ನಮ್ಮ ಸಾರು, ಹುಳಿ, ತಂಬುಳಿ ಹುಡುಕಬೇಡಿ. ಉತ್ತರದ ಕಡೆಯ ಅಡುಗೆಯೇ ಹೆಚ್ಚು. ಬೆಳಗಿನ ತಿಂಡಿಗೆ ಇಡ್ಲಿ ಇತ್ತು. ಮಾವನವರು ಒಂದು ತುಂಡು ಬಾಯಿಗಿಟ್ಟು, "ಉದ್ದು ಸಾಲದು, ಹಿಟ್ಟು ಹುದುಗಲಿಕ್ಕೂ ಬಿಡಲಿಲ್ಲ" ಎಂದು ತೀರ್ಪು ಕೊಟ್ಟರು. ಆದರೂ ನಾಲ್ಕು ತಿಂದರು!

ಎಲ್ಲ ಪುಕ್ಕಟೆ ಎಂದು ಜನ ತಟ್ಟೆ ತುಂಬ ಬಡಿಸಿಕೊಂಡು ಅರ್ಧ ಬಿಡುವುದು ನೋಡಿ ಹೊಟ್ಟೆ ಉರಿಯಿತು. ಮಕ್ಕಳಿಗೆ ಮೊದಲೇ ಹೇಳಿದ್ದೆ: ಸ್ವಲ್ಪ ಸ್ವಲ್ಪ ಬಡಿಸಿಕೊಳ್ಳಿ, ಎಷ್ಟು ಸಲವಾದರೂ ಹೋಗಿ. ಇನ್ನೊಂದು ಮಾತು. ನೂರಾರು ಜನ ಒಂದೇ ಸೌಟು ಮುಟ್ಟುವ ಜಾಗ. ವಾಂತಿ ಭೇದಿಯ ರೋಗ ಹಡಗಿನಲ್ಲಿ ಬೇಗ ಹರಡುವುದು ಕೈಯಿಂದಲೇ. ಬಾಗಿಲಲ್ಲಿ ಕೊಡುವ ದ್ರವ ಸವರಿಕೊಂಡರೆ ಸಾಲದು, ಸೋಪು ನೀರಿನಲ್ಲಿ ಕೈ ತೊಳೆದೇ ಊಟಕ್ಕೆ ಕೂಡಿ.

ಊಟ ಮುಗಿಸಿ ಎದ್ದಾಗ ತಟ್ಟೆ ಎತ್ತಲು ನನ್ನ ಕೈ ತಾನಾಗಿ ಹೋಯಿತು. ಮೇಜಿನ ಹುಡುಗ, "ಬಿಡಿ ಅಮ್ಮ" ಎಂಬಂತೆ ಸನ್ನೆ ಮಾಡಿ ತಾನೇ ತೆಗೆದುಕೊಂಡ. ಆಮೇಲೆ ಎರಡು ಕೈಗಳನ್ನೂ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಸುಮ್ಮನೆ ನಿಂತಿದ್ದೆ.

ಬೆಳಗಿನ ಐದು ಗಂಟೆ

ಮನೆಯ ಅಭ್ಯಾಸ ಎಲ್ಲಿ ಹೋಗುತ್ತದೆ? ಐದಕ್ಕೆ ಎಚ್ಚರವಾಯಿತು. ಹಾಲು ಕಾಯಿಸುವುದಿಲ್ಲ, ಅಂಗಳ ಗುಡಿಸುವುದಿಲ್ಲ. ಮಾವನವರಿಗೆ ಬೆಳಗಿನ ಮಾತ್ರೆ ಕೊಡೋಣವೆಂದು ಅವರ ಕ್ಯಾಬಿನ್ನಿನ ಬಾಗಿಲು ತಟ್ಟಿದೆ. ಕಣ್ಣು ಉಜ್ಜುತ್ತ ಮಗ ಬಾಗಿಲು ತೆಗೆದ. ಮಂಚ ಖಾಲಿ.

"ಅಜ್ಜ ಎಲ್ಲಿ?"

"ಗೊತ್ತಿಲ್ಲಮ್ಮ, ಇಲ್ಲೇ ಮಲಗಿದ್ರು."

ನನ್ನ ಎದೆ ಧಸಕ್ಕೆಂದಿತು. ಸುತ್ತ ನೀರು. ಇವರು ಹೇಳಿದ "ಹೆಚ್ಚುಕಡಿಮೆಯಾದರೆ" ಎಂಬ ಮಾತು ತಲೆಯಲ್ಲಿ ಸುತ್ತತೊಡಗಿತು. ಒಪ್ಪಿಸಿ ಕರೆತಂದವಳು ನಾನು. ಇವರು ಕೆಳಗಿನ ಅಂತಸ್ತಿಗೆ ಓಡಿದರು, ನಾನು ಮತ್ತು ಮಗಳು ಮೇಲಿನದಕ್ಕೆ. ಉದ್ದುದ್ದ ಓಣಿಗಳು, ಎಲ್ಲ ಬಾಗಿಲೂ ಒಂದೇ ತರಹ. ಯಾರೋ ಸಿಬ್ಬಂದಿ ನಮ್ಮ ಮುಖ ನೋಡಿ ಜೊತೆಗೇ ಬಂದರು. ಕಾಲು ಗಂಟೆ ಹುಡುಕಿದ ಮೇಲೆ ಮೇಲಿನ ಡೆಕ್ಕಿನ ಎಡಮೂಲೆಯಲ್ಲಿ, ಕಂಬಿ ಹಿಡಿದು ನಿಂತಿದ್ದ ಮಫ್ಲರಿನ ಆಕೃತಿ ಕಂಡಿತು.

ಬೈಯಬೇಕೆಂದು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನಾದೆ. ಮಗಳನ್ನು ಅಪ್ಪನಿಗೆ ಹೇಳಿಬರಲು ಕಳಿಸಿದೆ. ದೂರದಲ್ಲಿ, ದಡದ ಕಡೆ, ಯಾವುದೋ ದೀಪಸ್ತಂಭ ಮಿಣುಕಿ ಮಿಣುಕಿ ಆರುತ್ತಿತ್ತು.

"ಹೆದರ್ಬೇಡ ಮಗಾ," ಎಂದರು. "ದೀಪ ಕಾಂಬುಕೆ ಬಂದದ್ದು."

ಆಮೇಲೆ ಅವರೇ ಹೇಳತೊಡಗಿದರು. 1955ನೇ ಇಸವಿ, ದೀಪಾವಳಿ ಕಳೆದ ಮೇಲೆ. ಮಳೆಗಾಲವಿಡೀ ನಿಂತಿದ್ದ ಸ್ಟೀಮರು ಮತ್ತೆ ಓಡಲು ಸುರುವಾಗಿತ್ತು. ಇವರಿಗೆ ಆಗ 12 ವರ್ಷ. ಮುಂಬಯಿಯ ಮಾಟುಂಗಾದ ಹೋಟೆಲೊಂದರಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಊರಿನವರೊಬ್ಬರ ಜೊತೆ ಮಾಡಿ ಕಳಿಸಿದ್ದರು. ಕೊಂಕಣ ರೈಲು ಆಗ ಎಲ್ಲಿತ್ತು? ಅದು ಪೂರ್ತಿಯಾದದ್ದು 1998ರಲ್ಲಿ. ನಮ್ಮ ಕರಾವಳಿಯ ಎಷ್ಟೋ ಹುಡುಗರು ಹೋಟೆಲು ಕೆಲಸಕ್ಕೆ ಮುಂಬಯಿ ಸೇರಿದ್ದು ಸಮುದ್ರದ ದಾರಿಯಲ್ಲೇ. ಮಂಗಳೂರಿನ ದಡದಿಂದ ದೋಣಿಯಲ್ಲಿ ಹೋಗಿ, ದೂರ ನೀರಿನಲ್ಲಿ ನಿಂತ ಸ್ಟೀಮರಿಗೆ ಹತ್ತಬೇಕು. ಡೆಕ್ಕಿನ ಮೇಲೆ ಚಾಪೆ ಹಾಸಿದಲ್ಲೇ ಮಲಗುವುದು. ಎರಡು ರಾತ್ರಿಯ ಪ್ರಯಾಣವೆಂದು ಅವರ ನೆನಪು. ಗೋವೆ ಆಗ ಪೋರ್ತುಗೀಸರದ್ದು. 1961ರ ಡಿಸೆಂಬರಿನಲ್ಲಿ ತಾನೇ ಅದು ಭಾರತಕ್ಕೆ ಸೇರಿದ್ದು. ಇವರ ಸ್ಟೀಮರು ಅಲ್ಲಿ ನಿಲ್ಲದೆ ಮುಂದೆ ಹೋಯಿತಂತೆ.

ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ಬೆಲ್ಲ ಮೊದಲ ದಿನವೇ ವಾಂತಿಯಾಗಿ ಹೋಯಿತು. ಜೊತೆಗೆ ಬಂದವರು ಇಸ್ಪೀಟಿನಲ್ಲಿ ಮುಳುಗಿದ್ದರು. ಹುಡುಗ ಮೂಲೆಯಲ್ಲಿ ಮುದುಡಿ ಅಳುತ್ತ ಬಿದ್ದಿದ್ದಾಗ ಪಕ್ಕದ ಚಾಪೆಯ ಒಬ್ಬ ಹೆಂಗಸು ಎಬ್ಬಿಸಿ ಬಾಯಿ ತೊಳೆಸಿದಳು. ಸೆರಗಿನ ಗಂಟು ಬಿಚ್ಚಿ, ನಿಂಬೆರಸದಲ್ಲಿ ಒಣಗಿಸಿದ ಶುಂಠಿಯ ಚೂರು ಬಾಯಿಗಿಟ್ಟಳು. "ಅಕಾ, ಅಲ್ಲಿ ದೀಪ ಕಾಣ್ತದಲ್ಲ, ಅದನ್ನೇ ನೋಡು. ಬೇರೆ ಎಲ್ಲೂ ನೋಡಬೇಡ" ಎಂದಳು. ರಾತ್ರಿಯಿಡೀ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮುಂಬಯಿಯಲ್ಲಿ ಇಳಿಯುವ ಗದ್ದಲದಲ್ಲಿ ಅವಳು ಎತ್ತ ಹೋದಳೋ ಗೊತ್ತಾಗಲಿಲ್ಲ.

"ಹೆಸರು ಕೇಳಲಿಲ್ಲ ಮಗಾ. ಕಾರವಾರದ ಕಡೆ ಮಾತು. ಅಷ್ಟೇ ಗೊತ್ತು."

ಊರಿಗೆ ಮರಳಿದ್ದು ಬಸ್ಸಿನಲ್ಲಿ. ಮತ್ತೆ ಹಡಗು ಹತ್ತಲಿಲ್ಲ. ಶುಂಠಿ ಮಾತ್ರ ಜೇಬಿನಲ್ಲಿ ಉಳಿಯಿತು.

ಗೆಳತಿಯರೇ, ನಾನು ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಬೇಸಿಗೆಯಲ್ಲೂ ಆ ಶುಂಠಿ ಒಣಗಿಸಿದ್ದೇನೆ. ಮೊದಲು ಅತ್ತೆ ಮಾಡುತ್ತಿದ್ದರು, ಆಮೇಲೆ ನಾನು. ಮಾವನವರ ಅಜೀರ್ಣಕ್ಕೆ ಎಂದೇ ತಿಳಿದಿದ್ದೆ. "ಮತ್ತೆ ಶುಂಠಿ ಮುಗಿಯಿತಾ?" ಎಂದು ಗೊಣಗಿದ್ದೂ ಉಂಟು. ಒಂದೇ ಮನೆಯಲ್ಲಿ 22 ವರ್ಷ ಇದ್ದೂ ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಲು ಕೂತದ್ದಾದರೂ ಯಾವಾಗ? ಅವರು ಮಾತು ತೆಗೆದಾಗ ನನ್ನ ಕುಕ್ಕರು ಕೂಗುತ್ತಿತ್ತು.

ಗೋವೆಯ ಒಂದು ಹಗಲು

ಮುಂಬಯಿಯಿಂದ ಸಮುದ್ರದ ದಾರಿ 400 ಕಿಲೋಮೀಟರಿಗೂ ಮೇಲೆ. ಮಧ್ಯಾಹ್ನಕ್ಕೆ ಮುಂಚೆ ಮಾರ್ಮಗೋವಾ ಬಂದರು ಬಂತು. ಇಳಿದು ನೋಡಲು ಹಗಲೊಂದೇ ಇರುವುದರಿಂದ ಎಲ್ಲ ನೋಡುತ್ತೇನೆಂದು ಓಡಬೇಡಿ. ನಾವು ಟ್ಯಾಕ್ಸಿ ಮಾಡಿಕೊಂಡು ಎರಡೇ ಜಾಗಕ್ಕೆ ಹೋದೆವು: ಮಂಗೇಶಿ ದೇವಸ್ಥಾನ ಮತ್ತು ಹಳೆಯ ಗೋವೆಯ ಬೊಮ್ ಜೀಸಸ್ ಬಸಿಲಿಕಾ. ಸಂತ ಫ್ರಾನ್ಸಿಸ್ ಝೇವಿಯರರ ದೇಹ ಇರುವ ಈ ಇಗರ್ಜಿ 1605ರಲ್ಲಿ ಪೂರ್ತಿಯಾದದ್ದು. ಹಡಗಿಗೆ ಮರಳುವ ಸಮಯವನ್ನು ಕೈಮೇಲೆ ಬರೆದುಕೊಂಡಾದರೂ ನೆನಪಿಡಿ. ತಡವಾದರೆ ಹಡಗು ಹೋಗಿರುತ್ತದೆ. ಗುರುತಿನ ಚೀಟಿ, ಹಡಗಿನವರು ಕೊಟ್ಟ ಕಾರ್ಡು ಸದಾ ಜೊತೆಗಿರಲಿ.

ಸುತ್ತಲೂ ನೀರೇ ನೀರು

ಮೂರನೆಯ ದಿನ ಇಡೀ ಸಮುದ್ರದ ಮೇಲೆ. ದಡದ ಗೆರೆಯೂ ಇಲ್ಲ. ಗಾಳಿ ಸ್ವಲ್ಪ ಎದ್ದಿತು. ಎಲ್ಲರ ಮಾತ್ರೆ, ಎಲ್ಲರ ಬಟ್ಟೆ ನೋಡಿಕೊಳ್ಳುತ್ತ, ಕ್ಯಾಬಿನ್ನಿನಲ್ಲಿ ಬಗ್ಗಿ ಚೀಲ ಜೋಡಿಸುತ್ತಿದ್ದ ನನಗೇ ತಲೆ ತಿರುಗಿತು! ಬೆವರು, ಬಾಯಲ್ಲಿ ನೀರು, ಆಮೇಲೆ ವಾಂತಿ.

ಇದಕ್ಕೆ ಕಾರಣ ಹೊಟ್ಟೆಯಲ್ಲ, ಕಿವಿ. ಕಿವಿಯ ಒಳಭಾಗ "ನಾವು ಓಲಾಡುತ್ತಿದ್ದೇವೆ" ಎನ್ನುತ್ತದೆ, ಕ್ಯಾಬಿನ್ನಿನ ಗೋಡೆ ನೋಡುವ ಕಣ್ಣು "ಇಲ್ಲ, ಎಲ್ಲ ಸ್ಥಿರವಾಗಿದೆ" ಎನ್ನುತ್ತದೆ. ಇಬ್ಬರ ಜಗಳದಲ್ಲಿ ಮಿದುಳು ಗಲಿಬಿಲಿಯಾಗಿ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಕೋಣೆಯೊಳಗೆ ಮಲಗುವುದಕ್ಕಿಂತ, ಹೊರಗೆ ಬಂದು ಆಕಾಶ ನೀರು ಸೇರುವ ಗೆರೆಯನ್ನು ನೋಡುತ್ತ ಕೂರುವುದು ಒಳ್ಳೆಯದು. ಪುಸ್ತಕ, ಫೋನು ನೋಡಬಾರದು. ಖಾಲಿ ಹೊಟ್ಟೆಯೂ ಬೇಡ, ಬಿರಿಯುವ ಹೊಟ್ಟೆಯೂ ಬೇಡ. ಇದಕ್ಕೆ ಮಾತ್ರೆಗಳಿವೆ; ವಾಂತಿ ಸುರುವಾಗುವ ಮುಂಚೆ ತೆಗೆದುಕೊಂಡರೆ ಗುಣ ಹೆಚ್ಚು. ಆದರೆ ಅವು ನಿದ್ದೆ ತರಿಸುತ್ತವೆ. ವಯಸ್ಸಾದವರು, ಗರ್ಭಿಣಿಯರು, ಬೇರೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ನುಂಗಬಾರದು.

ಇಷ್ಟು ಶಾಸ್ತ್ರ ನನಗೆ ಆಮೇಲೆ ತಿಳಿದದ್ದು. ಆಗ ಮಾವನವರು ನನ್ನನ್ನು ಕೈಹಿಡಿದು ಲಿಫ್ಟಿನಲ್ಲಿ ಡೆಕ್ಕಿನ ನಡುಭಾಗಕ್ಕೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಜೇಬಿನ ಪೊಟ್ಟಣ ಬಿಚ್ಚಿ ಒಂದು ಚೂರು ಕೈಗಿತ್ತರು. ನಾನೇ ಕೊಯ್ದು, ನಾನೇ ಒಣಗಿಸಿದ ಶುಂಠಿ. "ಅಕಾ, ಆ ಗೆರೆ ನೋಡು. ಬೇರೆ ಎಲ್ಲೂ ನೋಡ್ಬೇಡ" ಎಂದರು. ಪಕ್ಕದಲ್ಲೇ ಕೂತರು. ಮಗಳು ನೀರು ತಂದಳು, ಮಗ ಬೀಸಣಿಗೆಯಂತೆ ಊಟದ ಪಟ್ಟಿ ಬೀಸಿದ, ಇವರು ಎರಡು ಸಲ ಬಂದು "ಹೇಗಿದೆ?" ಎಂದು ಕೇಳಿಹೋದರು. ಒಂದು ಗಂಟೆಯಲ್ಲಿ ಸರಿಯಾಯಿತು. ಸರಿಯಾದ ಮೇಲೂ ನಾನು ಏಳಲಿಲ್ಲ. ಮಕ್ಕಳು ಅಜ್ಜನ ಕಾಲ ಬಳಿ ಕೂತು ಮಾಟುಂಗಾದ ಕಥೆ ಕೇಳುತ್ತಿದ್ದರು. ಸಂಜೆಯವರೆಗೂ ಮಾತು ಮುಗಿಯಲಿಲ್ಲ.

ರಾತ್ರಿಯ ಕುಣಿತ, ಜಾದೂ ಎಲ್ಲ ಚೆನ್ನಾಗಿತ್ತು. ಆದರೆ ಹಡಗು ನಮಗೆ ಕೊಟ್ಟದ್ದು ಅದಲ್ಲ. ಎಲ್ಲಿಗೂ ಓಡಬೇಕಿಲ್ಲ, ಅಡುಗೆಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಬಾಗಿಲಿಗೆ ಯಾರೂ ಬರುವುದಿಲ್ಲ. ಮನೆಯವರೆಲ್ಲ ಒಂದೇ ಕಡೆ ಸುಮ್ಮನೆ ಕೂರುವ ಹಾಗಾದದ್ದೇ ನಮ್ಮ ಲಾಭ.

ನೀವು ಹೊರಡುವುದಾದರೆ

● ಡಿಸೆಂಬರಿನಿಂದ ಫೆಬ್ರವರಿವರೆಗೆ ಈ ಸಮುದ್ರ ಶಾಂತ. ಮಳೆಗಾಲ ಬೇಡ.

● ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವುದು ತಡವಾಗಬಹುದು. ಹಡಗಿನಲ್ಲಿ ಡಾಕ್ಟರಿದ್ದಾರೆ, ಆದರೆ ಫೀಸು ಬೇರೆ.

● ಹಡಗು ಹತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಸಮುದ್ರದ ಮೇಲಿನ ರೋಮಿಂಗ್ ದುಬಾರಿ. ಮನೆಗೆ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡಿ.

● ಹಿಡಿತವಿರುವ ಚಪ್ಪಲಿ, ತೆಳು ಸ್ವೆಟರು, ಮಫ್ಲರು ಇರಲಿ. ಡೆಕ್ಕಿನ ಮೇಲೆ ರಾತ್ರಿ ಗಾಳಿ ಜೋರು. ಸೀರೆ ಉಡುವವರು ಪಿನ್ನು ಮರೆಯಬೇಡಿ.

● ವಯಸ್ಸಾದವರ, ಮಕ್ಕಳ ಜೇಬಿನಲ್ಲಿ ಕ್ಯಾಬಿನ್ ನಂಬರು ಬರೆದ ಚೀಟಿ ಇಡಿ. ನಮ್ಮ ಕಾಲು ಗಂಟೆಯ ಸಂಕಟ ನಿಮಗೆ ಬೇಡ.

● ಹಡಗಿನೊಳಗೆ ಮಾಡಿದ ಖರ್ಚೆಲ್ಲ ಕಾರ್ಡಿಗೆ ಸೇರುತ್ತ ಹೋಗುತ್ತದೆ. ದಿನಕ್ಕೊಮ್ಮೆ ಲೆಕ್ಕ ಕೇಳಿ ನೋಡಿಕೊಳ್ಳಿ.

ಇನ್ನು ಶುಂಠಿ. ನಾರು ಕಡಿಮೆಯಿರುವ ಎಳೆ ಶುಂಠಿಯ ಸಿಪ್ಪೆ ಹೆರೆದು ತೆಳ್ಳಗೆ ಬಿಲ್ಲೆ ಮಾಡಿ. ಕಾಲು ಕಿಲೋಗೆ ನಾಲ್ಕು ನಿಂಬೆಹಣ್ಣಿನ ರಸ, ಎರಡು ಚಮಚ ಉಪ್ಪು ಹಾಕಿ ಗಾಜಿನ ಪಾತ್ರೆಯಲ್ಲಿ ಎರಡು ದಿನ ನೆನೆಯಲಿ, ಆಗಾಗ ಕುಲುಕಿ. ಆಮೇಲೆ ತಟ್ಟೆಯಲ್ಲಿ ಹರಡಿ ಗರಿಗರಿಯಾಗುವವರೆಗೆ ಬಿಸಿಲಿಗಿಡಿ. ಉಳಿದ ರಸದಲ್ಲಿ ಮತ್ತೊಮ್ಮೆ ಅದ್ದಿ ಒಣಗಿಸಿದರೆ ರುಚಿ ಹೆಚ್ಚು. ವರ್ಷವಿಡೀ ಕೆಡುವುದಿಲ್ಲ.

ಬಳೆ ಇನ್ನೂ ಆಗಿಲ್ಲ. ಊರಿಗೆ ಬಂದ ಮೇಲಿನ ಬೇಸಿಗೆಯಲ್ಲಿ ಶುಂಠಿ ಕೊಯ್ಯಲು ಕೂತಾಗ ಮಗಳೂ ಚಾಕು ಹಿಡಿದು ಪಕ್ಕದಲ್ಲಿ ಕೂತಳು. ಮಾವನವರು ಜಗಲಿಯಿಂದಲೇ, "ಇನ್ನೂ ತೆಳ್ಳಗೆ" ಎಂದರು. ನಾನು ಒಲೆ ಆರಿಸಿ ಬಂದು, "ಮಾಟುಂಗಾದಲ್ಲಿ ಆಮೇಲೆ ಏನಾಯಿತು ಮಾವ?" ಎಂದು ಕೇಳಿದೆ.